ಅಲುಗಿದ ಚೆಂಡು

ಹೊಳೆಯ ದಂಡೆಯಲ್ಲಿ ಗಾಲ್ಫ್ ಆಡುವ ಒಂದು ಬಯಲು. ಅಲ್ಲಿ ಇನಾಸಪ್ಪ ಅಂತ ಒಬ್ಬ ಮೇಷ್ಟ್ರು. ಎಪ್ಪತ್ತು ದಾಟಿದವರು. ಬೆಳಗಾದರೆ ಹುಲ್ಲಿನಲ್ಲಿ ಕೂತು ಕಳೆ ಕೀಳುವುದು, ಕೇಳಿದವರಿಗೆ ಆಟ ಹೇಳಿಕೊಡುವುದು, ಇಷ್ಟೇ ಅವರ ಕೆಲಸ.

ಆಟ ಏನು ಮಹಾ ಅಂತೀರಿ. ಒಂದು ಪುಟ್ಟ ಬಿಳಿ ಚೆಂಡು, ಒಂದು ಕೋಲು, ಅಷ್ಟು ದೂರದಲ್ಲಿ ಒಂದು ಗುಂಡಿ. ಕಡಿಮೆ ಏಟಿನಲ್ಲಿ ಚೆಂಡನ್ನು ಗುಂಡಿಗೆ ಇಳಿಸಿದವರು ಗೆದ್ದರು.

ಆದರೆ ಬಯಲು ದೊಡ್ಡದು, ಹಿಂದೆ ಹಿಂದೆ ಬಂದು ಕಾಯುವವರು ಯಾರೂ ಇಲ್ಲ. ಹುಲ್ಲಿನಲ್ಲಿ ಕೋಲು ತಾಗಿ ಚೆಂಡು ಅಲುಗಿದರೆ, ಆಡುವವನೇ ಬಾಯಿಬಿಟ್ಟು ಹೇಳಬೇಕು. ಚೆಂಡನ್ನು ಮೊದಲಿದ್ದಲ್ಲಿಗೆ ಇಟ್ಟು, ದಂಡ ಅಂತ ತನಗೆ ತಾನೇ ಒಂದು ಏಟು ಹೆಚ್ಚಿಗೆ ಬರೆಸಿಕೊಳ್ಳಬೇಕು.

ಮೇಷ್ಟ್ರ ಹತ್ತಿರ ಶ್ರೀಕಂಠ ಅಂತ ಒಬ್ಬ ಶಿಷ್ಯ. ಹೋದ ವರ್ಷ ಒಂದು ದೊಡ್ಡ ಪಂದ್ಯದಲ್ಲಿ ಹೀಗೇ ತಾನಾಗಿ ದಂಡ ಬರೆಸಿಕೊಂಡು, ಒಂದೇ ಏಟಿನ ಅಂತರದಲ್ಲಿ ಸೋತಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪೇಪರಿನಲ್ಲಿ ಫೋಟೋ ಬಂತು. ಅವತ್ತಿನಿಂದ ಅವನನ್ನು ಕರೆಯುವುದೇ ಸತ್ಯವಂತ ಶ್ರೀಕಂಠ ಅಂತ.

ಈ ವರ್ಷ ರಾಜ್ಯದ ತಂಡಕ್ಕೆ ನಾಲ್ವರನ್ನು ಆರಿಸುವ ಪಂದ್ಯ ಅದೇ ಬಯಲಿನಲ್ಲಿ ನಡೆಯಿತು. ಶ್ರೀಕಂಠ ನಾಲ್ಕನೆಯವನಾಗಿ ಬಂದ. ಉತ್ತಯ್ಯ ಅನ್ನುವವನು ಒಂದೇ ಏಟು ಹಿಂದೆ ಬಿದ್ದು, ಐದನೆಯವನಾಗಿ ಹೊರಗುಳಿದ. ಹೆಸರು ಓದುವುದು ಮರುದಿನ ಸಂಜೆ ಅಂತ ಆಯಿತು.

ಮರುದಿನ ಮಧ್ಯಾಹ್ನ ಶ್ರೀಕಂಠ ಮೇಷ್ಟ್ರ ಪಕ್ಕ ಬಂದು ಕೂತ.

"ಏನಪ್ಪಾ, ಗೆದ್ದವನ ಮುಖ ಹೀಗಿರುತ್ತದಾ?"

"ಮೇಷ್ಟ್ರೇ, ನಿನ್ನೆ ಬಿದಿರು ಮೆಳೆಯ ಹಿಂದೆ ಕೋಲು ತಾಗಿ ಚೆಂಡು ಅಲುಗಿತು."

"ಎಷ್ಟು?"

"ಅರ್ಧ ಬೆರಳು."

"ಯಾರು ನೋಡಿದರು?"

"ಯಾರೂ ಇಲ್ಲ."

"ಬರೆಸಿದೆಯಾ?"

"ಇಲ್ಲ. ಹಾಗೇ ಹೊಡೆದೆ. ಏಟಿನ ಲೆಕ್ಕ ಬರೆದ ಕಾರ್ಡಿಗೆ ಸಹಿ ಹಾಕಿ ಕೊಟ್ಟುಬಿಟ್ಟೆ."

ಮೇಷ್ಟ್ರು ಒಂದು ಕಳೆಯನ್ನು ಬೇರು ಸಮೇತ ಕಿತ್ತು ಪಕ್ಕಕ್ಕಿಟ್ಟರು. ಬಯ್ಯಲಿಲ್ಲ.

"ನನಗೇ ಅರ್ಥವಾಗುತ್ತಿಲ್ಲ ಮೇಷ್ಟ್ರೇ. ಹೋದ ವರ್ಷ ಹೇಳುವಾಗ ಒಂದು ಗಳಿಗೆಯೂ ಯೋಚಿಸಲಿಲ್ಲ. ನಿನ್ನೆ ನಾಲಿಗೆಯೇ ಏಳಲಿಲ್ಲ."

"ಹೋದ ತಿಂಗಳೂ ಒಂದು ಸಲ ಹೇಳಿದೆಯಲ್ಲ, ಚೆಂಡು ಅಲುಗಿತು ಅಂತ."

"ಹೌದು, ಹೇಳಿದ್ದೆ."

"ಅದು ಅಲುಗಿರಲಿಲ್ಲ."

ಶ್ರೀಕಂಠ ತಲೆ ತಗ್ಗಿಸಿದ.

"ನಾನು ಅಲ್ಲೇ ಕೂತಿದ್ದೆ ಕಣಯ್ಯಾ. ಚೆಂಡಿನ ಮೇಲಿದ್ದ ಮಂಜಿನ ಹನಿ ಕೂಡ ಜಾರಲಿಲ್ಲ. ನೀನು ಕೈಯೆತ್ತಿ ಕೂಗಿ ಹೇಳಿದೆ. ಸುತ್ತ ಮೂವತ್ತು ಜನ ಇದ್ದರು."

"ಆವಾಗಲೇ ಯಾಕೆ ಹೇಳಲಿಲ್ಲ ನೀವು?"

"ಅಷ್ಟು ಚಪ್ಪಾಳೆಯಲ್ಲಿ ನಿನಗೆ ಕೇಳಿಸುತ್ತಿತ್ತಾ?"

ಶ್ರೀಕಂಠ ಬೆನ್ನು ನೆಟ್ಟಗೆ ಮಾಡಿ ಕೂತ.

"ಸರಿ ಮಾಡುತ್ತೇನೆ ಮೇಷ್ಟ್ರೇ. ಸಂಜೆ ಎಲ್ಲರೂ ಸೇರಿರುತ್ತಾರೆ. ನನ್ನ ಹೆಸರು ಓದುವಾಗ ಎದ್ದು ಹೋಗಿ ಮೈಕಿನಲ್ಲೇ ಹೇಳಿಬಿಡುತ್ತೇನೆ. ಉತ್ತಯ್ಯನನ್ನು ಕೈಹಿಡಿದು ವೇದಿಕೆಗೆ ಕರೆತರುತ್ತೇನೆ."

"ಒಂದು ಶಾಲು ತರಿಸಿಡಲಾ, ನಿನಗೆ ಹೊದಿಸುವುದಕ್ಕೆ?"

ಶ್ರೀಕಂಠನ ಕಿವಿ ಕೆಂಪಾಯಿತು.

"ಮತ್ತೆ ಹೇಗೆ ಹೇಳಲಿ?"

ಮೇಷ್ಟ್ರು ತಲೆಯೆತ್ತಿ ಬಿಸಿಲು ನೋಡಿದರು.

"ಈಗ ಎಲ್ಲರೂ ಊಟಕ್ಕೆ ಹೋಗಿರುತ್ತಾರೆ. ಆಫೀಸಿನಲ್ಲಿ ಭುಜಂಗರಾಯರೊಬ್ಬರೇ ಇರುತ್ತಾರೆ. ಹೋಗಿ ಹೇಳಿ ಬಾ."

"ಆ ಗುಮಾಸ್ತರಿಗಾ?"

"ಕಾರ್ಡು ಇರುವುದು ಅವರ ಹತ್ತಿರ ತಾನೇ?"

"ಅವರು ಸುಮ್ಮನೆ ನನ್ನ ಹೆಸರು ಹೊಡೆದುಹಾಕುತ್ತಾರೆ ಮೇಷ್ಟ್ರೇ. ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮೋಸ ಮಾಡಿ ಸಿಕ್ಕಿಬಿದ್ದ ಅಂತಾರೆ ಜನ."

"ಅಂತಾರೆ."

"ಅದನ್ನು ಕೇಳಿಕೊಂಡು ಇರಬೇಕಾ ನಾನು?"

"ಕೇಳಿದವರಿಗೆ ನಡೆದದ್ದು ಹೇಳು. ಕೇಳದವರ ಹಿಂದೆ ಓಡಬೇಡ."

ತಂಡದ ಜಾಗ ಹೋದರೆ ಮುಂದಿನ ವರ್ಷ ಮತ್ತೆ ಆಡಬಹುದು. ಆದರೆ ಸತ್ಯವಂತ ಅನ್ನುವ ಆ ಹೆಸರು? ಅದನ್ನು ಬಿಡುವುದಕ್ಕೇ ಅವನಿಗೆ ಮನಸ್ಸು ಬರಲಿಲ್ಲ. ಎರಡು ಸಲ ಎದ್ದ, ಎರಡು ಸಲ ಕೂತ. ಮೇಷ್ಟ್ರು ಕಳೆ ಕೀಳುತ್ತಲೇ ಇದ್ದರು.

ಮೂರನೆಯ ಸಲ ಎದ್ದವನು ನಡೆದೇಬಿಟ್ಟ.

ಆಫೀಸಿನಲ್ಲಿ ಭುಜಂಗರಾಯರು ಡಬ್ಬಿ ಬಿಚ್ಚಿ ಮೊಸರನ್ನ ಕಲಸುತ್ತಿದ್ದರು. ಶ್ರೀಕಂಠ ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಬಿದಿರು ಮೆಳೆ, ಕೋಲು, ಅರ್ಧ ಬೆರಳು.

"ತಡಿಯಪ್ಪ, ಕೈ ತೊಳೆದು ಬರ್ತೀನಿ," ಅಂದರು ಅವರು.

ಕೈ ಒರೆಸಿಕೊಂಡು ಬಂದು ಕಾರ್ಡು ಹುಡುಕಿದರು.

"ಗೊತ್ತಿದ್ದೂ ತಪ್ಪು ಕಾರ್ಡಿಗೆ ಸಹಿ ಹಾಕಿದರೆ ಒಂದು ಏಟು ಸೇರಿಸಿ ಮುಗಿಸುವ ಹಾಗಿಲ್ಲ. ಪಂದ್ಯದಿಂದಲೇ ಹೊರಗೆ. ಗೊತ್ತಲ್ಲ?"

"ಗೊತ್ತು ಸಾರ್."

ಅವರು ಸ್ಕೇಲ್ ಇಟ್ಟು ಪಟ್ಟಿಯಲ್ಲಿದ್ದ ಅವನ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ನಾಲ್ಕನೆಯ ಜಾಗದಲ್ಲಿ ಉತ್ತಯ್ಯ ಅಂತ ಬರೆದರು. ಮತ್ತೆ ಡಬ್ಬಿಯ ಮುಂದೆ ಕೂತರು.

ಶ್ರೀಕಂಠ ನಿಂತೇ ಇದ್ದ.

"ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಪ್ಪ. ನೊಣ ಬರ್ತವೆ."

ಅವನು ಬಾಗಿಲು ಎಳೆದುಕೊಂಡು, ಬಿಸಿಲಿನಲ್ಲಿ ನಡೆದು ವಾಪಸು ಬಂದ.

"ಹೇಳಿದೆಯಾ?"

"ಹೇಳಿದೆ."

"ಏನಂದರು ರಾಯರು?"

"ಬಾಗಿಲು ಎಳೆದುಕೊಂಡು ಹೋಗು ಅಂದರು."

"ಹೊಗಳಲಿಲ್ಲವಾ?"

"ಮುಖ ಎತ್ತಿ ಕೂಡ ನೋಡಲಿಲ್ಲ ಮೇಷ್ಟ್ರೇ."

ಇನಾಸಪ್ಪ ಮೇಷ್ಟ್ರು ಸ್ವಲ್ಪ ಸರಿದು, ಹುಲ್ಲಿನ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು.

"ಹಾಗಾದರೆ ಈ ಒಂದು ಸತ್ಯ ಪೂರ್ತಿ ನಿನಗೇ ಉಳಿಯಿತು."