ಹಸಿದ ತರಗೆಲೆ

"ಗುರುಗಳೇ, ನಿಮ್ಮ ಮಾತು ಕೇಳುತ್ತ ಕೇಳುತ್ತ ನಾನು ಮೊದಲಿಗಿಂತ ಕೆಟ್ಟವನಾಗಿದ್ದೇನೆ. ಇದು ಹೇಗಾಯಿತು?"

ಕೇಳಿದವನು ಅಡಿವೆಪ್ಪ. ಮಠಕ್ಕೆ ಬರುವ ಮೊದಲು ಅವನು ಊರಲ್ಲಿ ಎಣ್ಣೆಗಾಣ ನಡೆಸುತ್ತಿದ್ದ. ಯಾರ ತಂಟೆಗೂ ಹೋದವನಲ್ಲ, ಯಾರ ಮೇಲೂ ದನಿ ಏರಿಸಿದವನಲ್ಲ. ಗುರುಗಳ ಮಾತಿಗೆ ಮನಸೋತು ಗಾಣವನ್ನು ತಮ್ಮನಿಗೆ ಬಿಟ್ಟು ಬಂದಿದ್ದ. ಬಂದ ಮೇಲೆ ಒಂದು ಮಾತನ್ನೂ ಕೆಳಗೆ ಬೀಳಲು ಬಿಡದೆ ಕೇಳಿಸಿಕೊಂಡ. ಈಗ ನೋಡಿದರೆ ಅವನಿಗೆ ಎಲ್ಲರಲ್ಲೂ ಹುಳುಕೇ ಕಾಣುತ್ತಿತ್ತು. ಪೂಜೆಗೆ ಕೂತವನ ಕಣ್ಣು ಎತ್ತ ಹೋಯಿತು, ದಾನ ಕೊಟ್ಟವನು ಯಾರ ಮುಖ ನೋಡಿದ, ಬರೀ ಇದೇ. ತನ್ನೊಳಗೂ ಅದೇ ಹುಳುಕು ಕಂಡು ನಿದ್ದೆ ಹಾರಿಹೋಗಿತ್ತು.

ಹಿಂದಿನ ದಿನ ಒಬ್ಬ ಮುದುಕಿ ಹಾಲು ಬತ್ತಿದ ಎಮ್ಮೆಗೆ ಹಚ್ಚಲು ವಿಭೂತಿ ಕೇಳಿಕೊಂಡು ಬಂದಿದ್ದಳು. ಬೂದಿ ಹಚ್ಚಿದರೆ ಹಾಲು ಬರುತ್ತದೆಯೇ ಎಂದು ಅಡಿವೆಪ್ಪ ನಾಲ್ಕು ಜನರ ಎದುರು ಅವಳಿಗೆ ಬುದ್ಧಿ ಹೇಳಿದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಗಾಣದವನಾಗಿದ್ದಾಗ ತಾನು ಹೀಗೆ ಮಾಡುತ್ತಿರಲಿಲ್ಲ ಎಂಬುದು ಅವನನ್ನು ರಾತ್ರಿಯೆಲ್ಲ ಚುಚ್ಚಿತ್ತು.

ಕೇಳಿದ್ದನ್ನೆಲ್ಲ ತಲೆಯಿಂದ ಕಿತ್ತೆಸೆದು ಊರಿಗೆ ಹೋಗುತ್ತೇನೆ, ಮೊದಲಿನ ಅಡಿವೆಪ್ಪನಾದರೆ ನನಗೆ ಸಾಕು, ಇವತ್ತೇ ಅಪ್ಪಣೆ ಕೊಡಿ ಎಂದು ಕೈಮುಗಿದ.

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಮುದುಕಿಯ ಮನೆಗೆ ಬೆಳಿಗ್ಗೆಯೇ ವಿಭೂತಿ ಕಳಿಸಿದ್ದೇನೆ, ಜೊತೆಗೆ ಎಮ್ಮೆಗೆ ಒಂದು ಚೀಲ ಹಿಂಡಿಯನ್ನೂ ಕಳಿಸಿದ್ದೇನೆ ಎಂದರು. ಹೋಗುವವನಿಗೆ ಒಂದು ಕತೆ ಕೇಳುವಷ್ಟು ಹೊತ್ತಂತೂ ಇದ್ದೇ ಇರುತ್ತದೆ, ಕೂತುಕೋ ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನಿಗೆ ಒಂದು ಹುಚ್ಚು. ಕುಂಬಳಕಾಯಿ ಎಷ್ಟು ದೊಡ್ಡದಾಗಬಲ್ಲದು ಎಂದು ಕಣ್ಣಾರೆ ನೋಡಬೇಕು. ನೋಡಿ ಏನು ಮಾಡುತ್ತೀಯೋ ಎಂದರೆ, ಸುಮ್ಮನೆ ನೋಡಬೇಕು, ಅಷ್ಟೇ. ಅವನ ಹಿತ್ತಲಲ್ಲಿ ವರ್ಷವರ್ಷವೂ ಬಿಡುತ್ತಿದ್ದದ್ದು ತಂಬಿಗೆ ಗಾತ್ರದ ಕಾಯಿ. ಊರಿನ ಎಲ್ಲರ ಹಿತ್ತಲಲ್ಲೂ ಅದೇ ಗಾತ್ರ. ಎಲ್ಲರಿಗೂ ಅದು ಸಾಕಾಗಿತ್ತು, ಇವನಿಗೆ ಸಾಲದು.

ಊರಾಚೆ ಒಂದು ತೋಪಿತ್ತು. ಮಾಘ ಬಂತೆಂದರೆ ಅಲ್ಲಿ ಎಲೆ ಉದುರಿ ಮೊಣಕಾಲೆತ್ತರ ಬೀಳುತ್ತಿತ್ತು. ಜನ ಅದಕ್ಕೆ ಬೆಂಕಿ ಹಚ್ಚಿ ಮೈ ಕಾಯಿಸಿಕೊಳ್ಳುತ್ತಿದ್ದರು. ರೈತ ಒಂದು ದಿನ ಎಲೆ ಸರಿಸಿ ಅಡಿಯ ಮಣ್ಣನ್ನು ನೋಡಿದ. ಕಪ್ಪು ಮಣ್ಣು, ಹಿಡಿದರೆ ಪುಡಿಯಾಗುತ್ತದೆ, ತುಂಬ ಎರೆಹುಳ. ಅವನ ಹಿತ್ತಲಿನ ಮಣ್ಣೋ, ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ. ಇದೆಲ್ಲ ಎಲೆಯ ಮಹಿಮೆ ಎಂದುಕೊಂಡ. ಅವನ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ ನೋಡು.

ಬುಟ್ಟಿ ಬುಟ್ಟಿ ತರಗೆಲೆ ಹೊತ್ತು ತಂದ. ಅಂಗಳ ಗುಡಿಸಿ ಎಂದರೆ ಸೊಂಟ ಹಿಡಿಯುತ್ತದೆ, ಕಾಡು ಗುಡಿಸಲು ಮಾತ್ರ ಸೊಂಟ ಗಟ್ಟಿ ಎಂದು ಹೆಂಡತಿ ಆಡಿಕೊಂಡಳು. ಆಡಿಕೊಳ್ಳಲಿ ಎಂದು ಅವನು ಹಿತ್ತಲ ತುಂಬ ಗುಂಡಿ ತೋಡಿ, ಎಲೆ ತುಳಿದು ತುಂಬಿ, ಮೇಲೆ ಮಣ್ಣು ಮುಚ್ಚಿದ. ಮೊದಲ ಮಳೆಗೆ ಬೀಜ ಊರಿದ. ಅಲ್ಲಿಗಾದರೂ ಸುಮ್ಮನಿದ್ದನೇ? ಬಾಯಿ ತಡೆಯಲಿಲ್ಲ. ಈ ಸಲ ಮಹಾನವಮಿಯ ಊರೂಟಕ್ಕೆ ಯಾರೂ ತರಕಾರಿ ತರಬೇಡಿ, ನನ್ನ ಒಂದೇ ಕಾಯಿಯಲ್ಲಿ ಊರಿಗೆಲ್ಲ ಪಲ್ಯ ಎಂದುಬಿಟ್ಟ. ಊರು ಹೂಂ ಎಂದಿತು. ಅಂದಿನಿಂದ ಅದು ಅವನ ಮಾನದ ಮಾತಾಯಿತು.

ಬಳ್ಳಿ ಹುಟ್ಟಿತು, ನಾಲ್ಕೆಲೆ ಬಿಟ್ಟಿತು, ಆಮೇಲೆ ಹಳದಿಗೆ ತಿರುಗಿತು. ಪಕ್ಕದ ಹಿತ್ತಲಿನವನು ಬೀಜ ಎಸೆದು ಮರೆತವನು, ಅವನ ಬಳ್ಳಿ ಹಸಿರು ಹಸಿರಾಗಿ ಬೇಲಿ ಹತ್ತಿ ಕೂತಿತ್ತು. ರೈತ ಆ ಬಳ್ಳಿಯನ್ನೂ ತನ್ನ ಬಳ್ಳಿಯನ್ನೂ ಹೋಲಿಸಿ ನೋಡಿದ. ಏನೂ ಹಾಕದ ವರ್ಷವೇ ಇದಕ್ಕಿಂತ ಚೆನ್ನಾಗಿತ್ತಲ್ಲ! ಒಳ್ಳೆಯದನ್ನು ಹಾಕಿದರೆ ಕೆಟ್ಟದ್ದೇಕೆ ಆಗಬೇಕು? ನೀರು ಹೆಚ್ಚಿಸಿ ನೋಡಿದ, ಕಡಿಮೆ ಮಾಡಿ ನೋಡಿದ. ಬಳ್ಳಿ ಇನ್ನಷ್ಟು ಬಿಳಿಚಿಕೊಂಡಿತು.

ಕಡೆಗೆ ರೋಸಿಹೋಗಿ ಗುದ್ದಲಿ ತೆಗೆದುಕೊಂಡ. ಎಲೆಯನ್ನೆಲ್ಲ ಕಿತ್ತು ಹಳೆಯ ಮಣ್ಣನ್ನೇ ತುಂಬಿದರೆ ಪಾಡು ಎನಿಸಿತ್ತು. ಬಾಗಿಲ ಬಳಿಯ ಗುಂಡಿಯನ್ನು ಅಗೆದು, ಎಲೆಯನ್ನು ತಳದವರೆಗೆ ಬಾಚಿ ಬೇಲಿಯಾಚೆ ಎಸೆದ. ಬಳ್ಳಿಯೂ ಜೊತೆಗೇ ಹೋಯಿತು. ಆಮೇಲೆ ಎರಡನೆಯ ಗುಂಡಿಗೆ ಬಂದ.

ಅಲ್ಲಿ ಅವನ ಹುಚ್ಚೇ ಅವನ ಕೈ ಹಿಡಿಯಿತು. ಎಸೆಯುವುದು ಇದ್ದೇ ಇದೆ, ಒಳಗೆ ಏನಾಗಿದೆ ಎಂದು ನೋಡಬೇಡವೇ? ಗುದ್ದಲಿ ಬದಿಗಿಟ್ಟು, ಮೇಲಿನ ಮಣ್ಣು ಸರಿಸಿ ಕೈ ಇಳಿಸಿದ. ಒಳಗೆ ಬೆಚ್ಚಗಿತ್ತು. ತಂದಾಗ ಚರಚರ ಎನ್ನುತ್ತಿದ್ದ ಎಲೆ ಒದ್ದೆಯಾಗಿ ಮೆತ್ತಗಾಗಿತ್ತು. ಅರ್ಧ ಎಲೆ, ಅರ್ಧ ಬರಿಯ ನರ, ನಡುವೆಲ್ಲ ಬಿಳಿ ನೂಲಿನಂಥ ಬೂಷ್ಟು. ಮೂಸಿ ನೋಡಿದ. ತರಗೆಲೆಯ ವಾಸನೆ ಹೋಗಿತ್ತು, ತೋಪಿನ ಮಣ್ಣಿನ ವಾಸನೆ ಇನ್ನೂ ಬಂದಿರಲಿಲ್ಲ. ಯಾವುದೋ ಇದನ್ನು ಅರಗಿಸುತ್ತಿದೆ, ಹಾಗಾದರೆ ಅರಗಿಸುವುದಕ್ಕೆ ಕಸುವು ಎಲ್ಲಿಂದ ಬರುತ್ತಿದೆ ಎಂದು ಯೋಚಿಸುತ್ತ ಕೂತ. ಹೆಂಡತಿ ಬಂದು, ತೆಗೆಯುವುದೋ ಮುಚ್ಚುವುದೋ ಒಂದು ಮಾಡಿ ಎಂದಳು.

"ಎಲೆಗೇ ಹಸಿವಾಗಿದೆ ಕಣೇ," ಎಂದ ರೈತ. "ಹಸಿದ ಆಳನ್ನು ಕೆಲಸಕ್ಕೆ ಕರೆದರೆ ಅವನು ಮೊದಲು ಉಣ್ಣಬೇಕು, ಆಮೇಲೆ ತಾನೇ ಗೇಯುವುದು? ಕೊಳೆಯುವುದಕ್ಕೂ ಮಣ್ಣಿನ ಸಾರ ಬೇಕು. ಬಳ್ಳಿಯ ಪಾಲನ್ನು ಈಗ ಇದು ಉಣ್ಣುತ್ತಿದೆ."

"ಹಾಗಾದರೆ ನವಮಿಯ ಪಲ್ಯ?"

ಮೊದಲು ಇದರ ಹೊಟ್ಟೆ ತುಂಬಲಿ ಎಂದು ರೈತ ಆ ಗುಂಡಿಗೆ ಒಂದಿಷ್ಟು ಸಗಣಿ ಗಂಜಲ ಹೊಯ್ದು ಮುಚ್ಚಿದ. ಮಿಕ್ಕ ಗುಂಡಿಗಳಿಗೂ ಹೊಯ್ದ. ಅಗೆಯಲಿಲ್ಲ.

ನವಮಿ ಬಂತು. ಎಲೆಯ ಗುಂಡಿಗಳಲ್ಲಿ ಬಿಟ್ಟದ್ದು ಮುಷ್ಟಿಗಾತ್ರದ ಕಾಯಿ, ಅದೂ ಎರಡೋ ಮೂರೋ. ಊರಿನ ಪಂಕ್ತಿಗೆ ಪಲ್ಯವೇ ಇಲ್ಲ, ಬರೀ ಅನ್ನ ಸಾರು. ಬಡಿಸುವವನು ಖಾಲಿ ಸೌಟು ಹಿಡಿದು ಇವನೆದುರು ನಿಂತು, ಇನ್ನೊಂದು ಚೂರು ಪಲ್ಯ ಹಾಕಲೇ ಎಂದು ಉಪಚಾರ ಮಾಡಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ರೈತನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತಲೆ ತಗ್ಗಿಸಿ ಉಂಡು ಮನೆಗೆ ಬಂದ. ಗುದ್ದಲಿ ಮೂಲೆಯಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ.

ಮರುವರ್ಷ ಮಳೆ ಬಿದ್ದಾಗ ಗುಂಡಿಯೊಳಗೆ ಕೈ ಇಳಿಸಿದರೆ ಎಲೆ ಸಿಗಲಿಲ್ಲ. ಕಪ್ಪು ಮಣ್ಣು ಸಿಕ್ಕಿತು. ಬೀಜ ಊರಿದ. ಬಳ್ಳಿ ಬೇಲಿ ಹತ್ತಿತು, ಮನೆಯ ಮಾಡು ಹತ್ತಿತು. ಎರಡನೆಯ ಗುಂಡಿಯ ಒಂದು ಕಾಯಿ ದಿನಕ್ಕೊಂದು ಸುತ್ತು ಬೆಳೆಯಿತು. ರೈತ ಬೆಳಗಾದರೆ ಅದರ ಮುಂದೆ ಕೂತು, ಇನ್ನೂ ಎಷ್ಟಪ್ಪಾ ಎಂದು ಅದನ್ನೇ ಕೇಳುತ್ತಿದ್ದ. ಅದನ್ನು ಹೊರಗೆ ತರಲು ಬೇಲಿ ಕೀಳಬೇಕಾಯಿತು, ನಾಲ್ವರು ಕಂಬಳಿಯಲ್ಲಿ ಹೊತ್ತರು. ನವಮಿಯ ದಿನ ಊರೆಲ್ಲ ಉಂಡು ಮಿಕ್ಕಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪನಿಗೆ ಎದೆ ಹಗುರಾದಂತಾಯಿತು, ಆದರೆ ಪೂರ್ತಿ ಆಗಲಿಲ್ಲ. ಕತೆಯಲ್ಲಿ ಒಂದು ಕಡೆ ಅವನ ಮನಸ್ಸು ಸಿಕ್ಕಿಕೊಂಡಿತ್ತು. ಕೇಳದೆ ಎದ್ದುಹೋಗಲು ಕಾಲು ಬರಲಿಲ್ಲ.

"ಬಾಗಿಲ ಬಳಿಯ ಗುಂಡಿ ಏನಾಯಿತು ಗುರುಗಳೇ? ಎಲೆ ಕಿತ್ತೆಸೆದನಲ್ಲ, ಅಲ್ಲಿ ಆಮೇಲೆ ಏನೂ ಬೆಳೆಯಲಿಲ್ಲವೇ?"

"ಬೆಳೆಯದೆ ಏನಪ್ಪ, ಮೊದಲು ಎಷ್ಟು ಬೆಳೆಯುತ್ತಿತ್ತೋ ಅಷ್ಟೇ ಬೆಳೆಯಿತು."