ಮರಳಿ ಬರುತ್ತಿದ್ದ ಬಂಗುಡೆ

ಹೊಳೆ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ, ದೋಣಿ ಮಗುಚಿ ಹಾಕಿದಂತಿದ್ದ ಗುಡಿಸಲಿನಲ್ಲಿ ಪೂಜ್ಯ ಅವಧೂತರು ವಾಸವಾಗಿದ್ದರು. ಹಾಲೆಮರದ ತುಂಡಿನಲ್ಲಿ ಮೀನು ಕೆತ್ತುವುದೇ ಅವರ ತಪಸ್ಸು. ಗರಗಸದಂತೆ ಒರಟಾದ ಎಲೆಯಿಂದ ಉಜ್ಜಿ ನಯಮಾಡಿ, ಕಾಯಿಸಿದ ಸೂಜಿಯಿಂದ ಬೆನ್ನಿನ ಪಟ್ಟೆ ಎಳೆದರೆಂದರೆ, ತಾನು ಮರವೆಂಬುದು ಮರಕ್ಕೇ ಮರೆತುಹೋಗಬೇಕು. ಅವರು ಕೆತ್ತಿದ ಬಂಗುಡೆ ಮೀನನ್ನು ಕದ್ದೊಯ್ದ ಬೆಕ್ಕೊಂದು ಹಲ್ಲು ಕಳೆದುಕೊಂಡು, ಉಳಿದ ಆಯುಷ್ಯವನ್ನು ಹಾಲನ್ನದಲ್ಲೇ ಸವೆಸಿತಂತೆ. ಇದಕ್ಕೆ ಸಾಕ್ಷಿಗಳಿದ್ದಾರೆ, ಬೆಕ್ಕು ಮಾತ್ರ ಈಗಿಲ್ಲ.

ಕಡಲು ಯಾರನ್ನಾದರೂ ಒಯ್ದು ದೇಹವನ್ನೂ ಕೊಡದಿದ್ದರೆ, ದಂಡೆಯ ಮೀನುಗಾರರ ಕೇರಿಯವರು ಅವಧೂತರಿಂದ ಮರದ ಮೀನು ಪಡೆದು ನೀರಿಗೆ ಬಿಡುವರು. ಅದು ಅಳಿವೆ ದಾಟಿದ ಮೇಲೆಯೇ ಹೋದವರಿಗೆ ಅನ್ನದ ಎಡೆ ಇಡುವುದು. ಮಾದೇವಿಯ ಗಂಡ ಜಟ್ಟಪ್ಪ ಬಲೆ ಬೀಸಲು ಕಡಲಿಗೆ ಹೋದವನು ಬರಲಿಲ್ಲ. ಅವಳು ಬಿಟ್ಟ ಬಂಗುಡೆ ಮಾತ್ರ ಬಿಟ್ಟಾಗಲೆಲ್ಲ ಅವಳ ಕಾಲ ಬುಡಕ್ಕೇ ಮರಳಿ ಬರುತ್ತಿತ್ತು. ಬದುಕಿದ್ದಾಗಲೂ ಜಟ್ಟಪ್ಪ ಹೊಸ್ತಿಲು ದಾಟಲು ಹೀಗೇ ಮೈಗಳ್ಳತನ ಮಾಡುತ್ತಿದ್ದನೆಂದು ಕೇರಿಯವರು ನಕ್ಕರು. ಅವನ ತಾಯಿ ನಗಲಿಲ್ಲ. ಎಡೆಯಿಲ್ಲದೆ ಮಗ ಹಸಿದಿದ್ದಾನೆಂದು ತಾನೂ ಅನ್ನ ಬಿಟ್ಟು ಮಲಗಿದಳು.

ಮಾದೇವಿ ಮೀನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವಧೂತರ ಮುಂದಿಟ್ಟಳು.

"ನಿಮ್ಮ ಮೀನಿಗೆ ಬೆಕ್ಕಿಗೆ ಮೋಸ ಮಾಡೂಕೆ ಬರ್ತದೆ, ಸ್ವಾಮೀ. ಈಜೂಕೆ ಬರೂದಿಲ್ಲ."

ಅವಧೂತರು ಮೀನನ್ನು ನೋಡಲಿಲ್ಲ, ಅವಳನ್ನು ನೋಡಿದರು.

"ಯಾವ ಹೊತ್ತಿಗೆ ಬಿಟ್ಟೆ, ತಂಗೀ?"

ಅವಳು ತಲೆ ತಗ್ಗಿಸಿದಳು. ಕಡಲು ಹೊಳೆಯೊಳಕ್ಕೆ ನುಗ್ಗುವ ಭರತ ಯಾವಾಗ, ನೀರು ಹಿಂದೆಗೆಯುವ ಇಳಿತ ಯಾವಾಗ ಎಂಬುದು ಆ ಕೇರಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮಾದೇವಿ ಪ್ರತಿ ಸಲವೂ ಭರತ ನೋಡಿಯೇ ಬಿಟ್ಟಿದ್ದಳು.

"ಇಳಿತಕ್ಕೆ ಬಿಟ್ರೆ ಹೋಗಿಬಿಡ್ತದಲ್ಲ, ಸ್ವಾಮೀ" ಎಂದಳು.

ಅವಧೂತರು ಉಪದೇಶ ಮಾಡಲಿಲ್ಲ. ಇನ್ನೊಂದು ತುಂಡು ತೆಗೆದುಕೊಂಡು ಅಂಥದೇ ಬಂಗುಡೆ ಕೆತ್ತಿದರು. ಉಜ್ಜಲು ಅವಳ ಕೈಗೇ ಎಲೆ ಕೊಟ್ಟರು.

"ಅದು ನಿನ್ನ ಹತ್ತಿರ ಇರಲಿ. ಇದು ಹೋಗಲಿ."

ಉಜ್ಜುತ್ತ ಕುಳಿತವಳ ಕಣ್ಣಿಗೆ ಅವರ ತಲೆದಿಂಬಿನ ಬಳಿ ಒಂದು ಹಳೆಯ ಮೀನು ಬಿತ್ತು. ಕೈಯಾಡಿಸಿ ಕೈಯಾಡಿಸಿ ಅದರ ಪಟ್ಟೆಗಳೆಲ್ಲ ಅಳಿಸಿಹೋಗಿದ್ದವು. ಇದರ ಜೋಡಿ ಎಲ್ಲಿ ಎಂದು ಕೇಳಿದಳು. ಅವಧೂತರು ಕಡಲಿನತ್ತ ನೋಡಿದರು, ಅಷ್ಟೆ.

ನೀರು ಆಗ ಇಳಿಯತೊಡಗಿತ್ತು. ಮಾದೇವಿ ಮೊಣಕಾಲಮಟ್ಟ ನೀರಿಗಿಳಿದು ಹೊಸ ಮೀನನ್ನು ಬಿಟ್ಟಳು. ಅದು ಒಮ್ಮೆ ಹೊರಳಿ, ಅಳಿವೆಯ ನೊರೆ ದಾಟಿ ಹೋಯಿತು. ಅವಳು ಹಿಂದಕ್ಕೆ ಕರೆಯಲಿಲ್ಲ.

ಅಂದೇ ಅತ್ತೆಯ ಕೈಯಿಂದ ಎಡೆ ಇಡಿಸಿ, ಅವಳಿಗೆ ತಾನೇ ತುತ್ತು ಮಾಡಿ ಉಣಿಸಿದಳು. ಮನೆಯಲ್ಲುಳಿದ ಬಂಗುಡೆಯ ಬೆನ್ನಿನ ಪಟ್ಟೆಗಳು, ಅವಧೂತರ ತಲೆದಿಂಬಿನ ಮೀನಿನಂತೆಯೇ, ಕಾಲಕ್ರಮದಲ್ಲಿ ಅವಳ ಕೈಯಲ್ಲಿ ಸವೆದುಹೋದವು.