ಸಾತವ್ವ ಸಿಕ್ಕಳೇನು?

ಹೊಳೆದಂಡೆಯ ಆಶ್ರಮದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಬೆಳಿಗ್ಗೆ ಹೆಂಗಸರು, ಮಧ್ಯಾಹ್ನ ಗಂಡಸರು. ಕಲಿಸುವವರು ಆಶ್ರಮದ ಹಿರಿಯರು, ಅಜ್ಜಾರು. ಬಂದವರ ಹೆಸರು, ಊರು ಕೇಳುವ ಪದ್ಧತಿ ಅಲ್ಲಿಲ್ಲ. ಹೆಂಗಸರೆಲ್ಲ ತಾಯಿ, ಗಂಡಸರೆಲ್ಲ ಅಪ್ಪ, ಮುಗೀತು.

ಅಡುಗೆಮನೆಯ ಸಾತವ್ವ ಒಂದು ತಿಂಗಳು ಮೌಸ್ ಹಿಡಿದು ಬೆವೆತಳು. ರೊಟ್ಟಿ ತಟ್ಟುವ ಕೈಗೆ ಪರದೆಯ ಮೇಲಿನ ಬಾಣ ಬಗ್ಗುತ್ತಲೇ ಇರಲಿಲ್ಲ.

"ಹುಡುಕೂದು ಯಾವಾಗ ಕಲಸ್ತೀರಿ, ಅಜ್ಜಾರ?"

"ಯಾರನ್ನ ಹುಡುಕಬೇಕು?"

"ನಮ್ಮ ಅಣ್ಣನ್ನ. ಅದಾನೋ ಇಲ್ಲೋ, ಅಷ್ಟು ಗೊತ್ತಾದ್ರ ಸಾಕು."

"ಊರಿಗೆ ಹೋಗಿ ನೋಡು."

ಸಾತವ್ವ ತಲೆ ತಗ್ಗಿಸಿದಳು. ಹನ್ನೊಂದು ವರ್ಷದ ಹಿಂದೆ ಅಣ್ಣ ಗೊತ್ತು ಮಾಡಿದ ಗಂಡು ಬೇಡವೆಂದು ಸಿಟ್ಟು ಮಾಡಿಕೊಂಡು, ತನ್ನ ಚಪ್ಪಲಿ ಹೊಳೆಯ ಮೆಟ್ಟಿಲ ಮೇಲೆ ಬಿಟ್ಟು, ಬರಿಗಾಲಲ್ಲಿ ಬೇರೆ ದಾರಿ ಹಿಡಿದಿದ್ದಳು. ಊರವರು ಮೂರು ದಿನ ನೀರಲ್ಲಿ ಬಲೆ ಎಳೆದರಂತೆ. ಸಾಕಿ ಬೆಳೆಸಿದವನಿಗೆ ಅವಳು ಮಾಡಿದ್ದು ಅದು.

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಹಂಗಾರ ಮೊದಲು ನಿನ್ನ ಹೆಸರು ಬರಿ," ಅಂದರು ಅಜ್ಜಾರು.

ಅವರು ತೋರಿಸಿದ ಹುಡುಕುವ ಚೌಕದಲ್ಲಿ ಒಂದೇ ಬೆರಳಿಂದ 'ಸಾತ' ಎಂದು ಒತ್ತಿದಳು. ಅಷ್ಟಕ್ಕೇ ಕೆಳಗೆ ಒಂದು ಸಾಲು ಇಳಿಯಿತು.

ಸಾತವ್ವ ಮುಗಳಿ ಹೊಳಿಯಾಗ ಸಿಕ್ಕಳೇನು

"ಅಯ್ಯೋ ಶಿವನೇ! ಇದನ್ನ ನಾ ಬರದಿಲ್ಲ!"

"ಈ ಕುರ್ಚಿಮ್ಯಾಲ ಕುಂತು ಯಾರು ಏನು ಕೇಳಿದ್ರೂ ಇದು ಇಟ್ಕೋತದ. ಅದೇ ಅಕ್ಷರ ಒತ್ತಿದ್ರ ಹೊರಗ ತಗೀತದ."

"ಯಾರು ಕುಂತಿದ್ರು?"

"ನಾ ಹೆಸರು ಕೇಳಂಗಿಲ್ಲ."

ಮುಗಳಿ ಅವಳ ತವರಿನ ಮನೆತನ. ಆಶ್ರಮದಲ್ಲಿ ಅದನ್ನು ಅವಳು ಒಬ್ಬರ ಮುಂದೂ ಆಡಿರಲಿಲ್ಲ.

"ಅದಾನ! ನಮ್ಮಣ್ಣ ಅದಾನ!" ಎಂದು ಅತ್ತೇಬಿಟ್ಟಳು. "ಮಧ್ಯಾಹ್ನ ಬರ್ತಾನಲ್ರೀ? ಎದುರಿಗೆ ನಿಲ್ಲಾಕ ಎದಿ ಇಲ್ರೀ ನನಗ. ಇದರಾಗ ಬರದಿಡ್ತೀನಿ."

ಅವಳು ಅದೇ ಚೌಕದಲ್ಲಿ ಬರೆದಳು.

ಸಾತವ್ವ ಮುಗಳಿ ಬದುಕ್ಯಾಳ ಇಲ್ಲೇ ಅದಾಳ

ಆ ಮಧ್ಯಾಹ್ನ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಗೋಡೆಯಾಚೆ ಯಾರೋ ನಿಧಾನಕ್ಕೆ ಕೀಲಿ ಒತ್ತುತ್ತಿದ್ದರು. ಆಮೇಲೆ ಒತ್ತುವ ಸದ್ದು ನಿಂತಿತು. ಕುರ್ಚಿ ಸರಿದದ್ದೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಓಡಿ ಬಂದು ಮತ್ತೆ 'ಸಾತ' ಎಂದು ಒತ್ತಿದಳು. ಅವಳ ಸಾಲಿನ ಕೆಳಗೆ ಇನ್ನೊಂದು ಸಾಲು.

ಸಾತವ್ವ ಮುಗಳಿ ಸತ್ತು ಹನ್ನೊಂದು ವರ್ಷ ಆತು ನೀ ಯಾರು

ಸಾತವ್ವ ತನ್ನ ಕೆನ್ನೆ ತಾನೇ ಮುಟ್ಟಿ ನೋಡಿಕೊಂಡಳು. ತಣ್ಣಗಿತ್ತು. ಒಂದು ಗಳಿಗೆ ಅವಳಿಗೇ ಅನುಮಾನ ಬಂತು.

"ನಂಬವಲ್ಲ, ಅಜ್ಜಾರ! ಇನ್ನೇನು ಬರೀಲಿ? ಅವ್ವನ ಹೆಸರು ಬರೀಲೇನು? ಅವ ಹೆಗಲಮ್ಯಾಲ ನನ್ನ ಹೊತ್ತು ಕನ್ನಡ ಸಾಲಿಗೆ ಒಯ್ದದ್ದು ಬರೀಲೇನು?"

ಅಜ್ಜಾರು ಕೈಚಾಚಿ ಪರದೆ ಆರಿಸಿದರು.

"ಇದರಾಗ ಸತ್ತವರೂ ಬರೀಬಹುದು, ತಾಯಿ. ನೀ ಮಧ್ಯಾಹ್ನ ಬಂದು ಬಾಗಿಲದಾಗ ನಿಂದ್ರು."